ಮಳೆ ಅಳೆಯುವುದರಿಂದ ಶುರು ಮಾಡಿ: ಮಲೆನಾಡಿನ ಶಿಕ್ಷಕರಿಗೆ ವಾಯುಗುಣ ಮತ್ತು ಹೊರಾಂಗಣ ಕಲಿಕೆಯ ತರಬೇತಿ ಕೊಡುವುದು ಹೇಗೆ?

"ನಮ್ಮ ಕ್ಲಸ್ಟರ್ ಶಿಕ್ಷಕರಿಗೆ ವಾಯುಗುಣ ಬದಲಾವಣೆ ಬಗ್ಗೆ ಒಂದು ತರಬೇತಿ ಮಾಡಬೇಕು, ಎಲ್ಲಿಂದ ಶುರು ಮಾಡೋದು?" ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಹೆಚ್ಚಾಗಿ ಸಿಆರ್‌ಪಿಗಳು (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳು), ಮುಖ್ಯ ಶಿಕ್ಷಕರು, ಇಕೋ ಕ್ಲಬ್ ನೋಡಿಕೊಳ್ಳುವ ಮೇಷ್ಟ್ರು, ಟೀಚರ್‌ಗಳು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಪ್ರೊಜೆಕ್ಟರ್ ಹಾಕಿ, ಕರಗುವ ಹಿಮದ ಚಿತ್ರ ತೋರಿಸಿ, ಊಟ ಹಾಕಿ ಕಳಿಸುವ ತರಬೇತಿಯಿಂದ ತರಗತಿಯಲ್ಲಿ ಏನೂ ಬದಲಾಗುವುದಿಲ್ಲ. ತಾನೇ ಮಳೆಯಲ್ಲಿ ನಿಂತು ಅಳೆದು, ಬರೆದು, ಒಮ್ಮೆ ತಪ್ಪು ಮಾಡಿ ತಿದ್ದಿಕೊಂಡ ಶಿಕ್ಷಕರೇ ಮಕ್ಕಳನ್ನು ಧೈರ್ಯವಾಗಿ ಹೊರಗೆ ಕರೆದುಕೊಂಡು ಹೋಗುವುದು. ಕೆಳಗಿನ ಹಂತಗಳೆಲ್ಲ ಈ ನಂಬಿಕೆಯ ಮೇಲೇ ನಿಂತಿವೆ.

ಬೇಕಾಗುವ ಸಾಮಾನು

ಎರಡು ಲೀಟರಿನ ಖಾಲಿ ಸೋಡಾ ಬಾಟಲಿಗಳು, ಕತ್ತರಿ, ಸ್ಕೇಲು, ನೀರಿಗೆ ಅಳಿಸದ ಮಾರ್ಕರ್ ಪೆನ್ನು, ಸಣ್ಣ ಜಲ್ಲಿ. ನಾಲ್ಕು ಇಂಚಿನ ಪಿವಿಸಿ ಪೈಪಿನ ಒಂದೊಂದು ಅಡಿಯ ಎರಡು ತುಂಡು. ಗೋಡೆಗೆ ಹಾಕುವ ಥರ್ಮಾಮೀಟರ್ ಎರಡು. ಕೆಂಪು ದ್ರವದ್ದು ತೆಗೆದುಕೊಳ್ಳಿ, ಪಾದರಸದ್ದು ಬೇಡ. ಒಡೆದರೆ ಮಕ್ಕಳ ನಡುವೆ ಪಾದರಸ ಆಯುವ ಕೆಲಸ ಆಗುತ್ತದೆ. ಉದ್ದ ಹಗ್ಗ, ಒಂದು ಸೀಟಿ, ಗಟ್ಟಿ ರಟ್ಟಿನ ನೋಟ್‌ಬುಕ್. ಇಷ್ಟು ಸಾಕು.

1. ದಿನ ಮತ್ತು ಗುಂಪು ಗೊತ್ತು ಮಾಡಿ

ಸತತ ಮೂರು ದಿನದ ತರಬೇತಿಗಿಂತ, ಬೇರೆ ಬೇರೆ ತಿಂಗಳಲ್ಲಿ ಮೂರು ಅರ್ಧ ದಿನ ಮಾಡುವುದು ವಾಸಿ. ಮೊದಲನೆಯದು ಶಾಲೆ ಶುರುವಾಗುವ ಹೊತ್ತಿಗೆ, ಅಂದರೆ ಮೇ ಕೊನೆ ಅಥವಾ ಜೂನ್ ಮೊದಲ ವಾರ. ಎರಡನೆಯದು ಜುಲೈಯಲ್ಲಿ, ಪುನರ್ವಸು, ಪುಷ್ಯ ಮಳೆ ಹಿಡಿದು ಸುರಿಯುವಾಗ. ಮೂರನೆಯದು ದಸರಾ ರಜೆಗೆ ಮುಂಚೆ. ಕ್ಲಸ್ಟರಿನ ಸಮಾಲೋಚನಾ ಸಭೆಯ ದಿನವನ್ನೇ ಇದಕ್ಕೆ ಬಳಸಿಕೊಂಡರೆ ಬೇರೆ ಆದೇಶಕ್ಕೆ ಕಾಯುತ್ತಾ ಕೂರಬೇಕಾಗಿಲ್ಲ.

ಗುಂಪಿನಲ್ಲಿ 20ರಿಂದ 25 ಜನ ಇರಲಿ, ಅದಕ್ಕಿಂತ ಜಾಸ್ತಿ ಬೇಡ. ವಿಜ್ಞಾನದ ಶಿಕ್ಷಕರನ್ನು ಮಾತ್ರ ಕರೆಯಬೇಡಿ. ಕನ್ನಡ, ಗಣಿತ, ಸಮಾಜ ವಿಜ್ಞಾನದವರೂ ಬರಲಿ, ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಟೀಚರ್‌ಗಳಂತೂ ಬರಲೇಬೇಕು. ಜಾಗಕ್ಕೆ ತಾಲ್ಲೂಕು ಕೇಂದ್ರದ ಸಭಾಂಗಣ ಹುಡುಕಬೇಡಿ. ಅಂಗಳ, ಒಂದೆರಡು ಮರ, ಹತ್ತಿರದಲ್ಲೊಂದು ಬಾವಿ ಇರುವ ಮಾಮೂಲಿ ಶಾಲೆ ಸಾಕು.

2. ಎರಡು ಪದಗಳನ್ನು ಬಿಡಿಸಿಕೊಳ್ಳಿ

ಇದಕ್ಕೆ ಅರ್ಧ ಗಂಟೆ ಕೊಡಿ. ಕನ್ನಡದಲ್ಲಿ ಇಲ್ಲೊಂದು ತೊಡಕಿದೆ. ಪಠ್ಯಪುಸ್ತಕದಲ್ಲಿ ದಿನದಿನದ ಮಳೆ, ಬಿಸಿಲು, ಗಾಳಿಯ ಸ್ಥಿತಿ ಅಂದರೆ ಹವಾಮಾನ. ಅದನ್ನೇ ಹತ್ತಾರು ವರ್ಷ ನೋಡಿದಾಗ ಸಿಗುವ ಸರಾಸರಿ ರೂಢಿ ವಾಯುಗುಣ. ಆದರೆ ಪತ್ರಿಕೆ, ಟಿವಿಯಲ್ಲಿ "ಹವಾಮಾನ ಬದಲಾವಣೆ" ಅಂತಲೇ ಹೇಳುತ್ತಾರೆ. ಹಾಗಾಗಿ ಒಂದು ದಿನ ಜೋರು ಮಳೆ ಬಂದರೂ ಮಕ್ಕಳಿಗೆ ಅದೇ ಹವಾಮಾನ ಬದಲಾವಣೆ ಅನ್ನಿಸುತ್ತದೆ. ಮಕ್ಕಳಿಗೆ ಮಾತ್ರ ಅಲ್ಲ, ನಮಗೂ.

ಮಲೆನಾಡಿನ ಮನೆಯನ್ನೇ ಉದಾಹರಣೆ ಕೊಡಿ. ಇವತ್ತು ಕೊಡೆ ತಗೊಂಡು ಹೋಗಬೇಕಾ ಅನ್ನುವುದು ಹವಾಮಾನದ ಪ್ರಶ್ನೆ. ನಮ್ಮ ಮನೆಗಳ ಮಾಡು ಯಾಕೆ ಇಷ್ಟು ಇಳಿಜಾರು, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಜಗುಲಿಗೆ ತಟ್ಟಿ ಯಾಕೆ ಕಟ್ಟುತ್ತೇವೆ ಅನ್ನುವುದು ವಾಯುಗುಣದ ಪ್ರಶ್ನೆ. ವಿಜ್ಞಾನಿಗಳು ಸಾಮಾನ್ಯವಾಗಿ 30 ವರ್ಷಗಳ ಸರಾಸರಿ ಹಿಡಿಯುತ್ತಾರೆ ಅನ್ನುವುದನ್ನೂ ಸೇರಿಸಿ.

ಆಮೇಲೆ ಬೋರ್ಡಿನ ಮೇಲೆ ಮೂರು ದಿನಾಂಕ ಬರೆಯಿರಿ. ಮುಂಗಾರು ಕೇರಳಕ್ಕೆ ಬಂದದ್ದು 2023ರಲ್ಲಿ ಜೂನ್ 8, 2024ರಲ್ಲಿ ಮೇ 30, 2025ರಲ್ಲಿ ಮೇ 24. ವಾಡಿಕೆಯ ದಿನ ಜೂನ್ 1. "ಇದರಿಂದ ಏನು ಹೇಳಬಹುದು?" ಅಂತ ಕೇಳಿ ಸುಮ್ಮನಿರಿ. "ಮುಂಗಾರು ವರ್ಷ ವರ್ಷ ಮುಂಚೆ ಬರ್ತಾ ಇದೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೂರು ವರ್ಷದ ಅಂಕಿ ಇಟ್ಟುಕೊಂಡು ಹಾಗೆ ಹೇಳಲು ಬರುವುದಿಲ್ಲ. ಯಾಕೆ ಬರುವುದಿಲ್ಲ ಅಂತ ಶಿಕ್ಷಕರೇ ಚರ್ಚೆ ಮಾಡಿ ಕಂಡುಕೊಳ್ಳಲಿ, ನೀವು ಬಾಯಿ ಹಾಕಬೇಡಿ. ಎರಡನೇ ಹಂತದಲ್ಲಿ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

3. ಮಳೆ ಬಾಟಲಿ ಮಾಡಿಸಿ

ತರಬೇತಿಯ ಜೀವ ಇದು. ಸಮಯ ಕಮ್ಮಿ ಬಿದ್ದರೆ ಬೇರೆ ಏನನ್ನಾದರೂ ಕೈಬಿಡಿ, ಇದನ್ನು ಬಿಡಬೇಡಿ.

ಸೋಡಾ ಬಾಟಲಿಯ ಹೆಗಲು ಶುರುವಾಗುವಲ್ಲಿ ಅಡ್ಡಕ್ಕೆ ಕತ್ತರಿಸಿ. ಮೇಲಿನ ತುಂಡಿನ ಮುಚ್ಚಳ ತೆಗೆದು, ತಲೆಕೆಳಗು ಮಾಡಿ ಲಾಳಿಕೆಯ ಹಾಗೆ ಒಳಗೆ ಕೂರಿಸಿ. ಬಾಟಲಿಯ ತಳ ಉಬ್ಬು ತಗ್ಗಾಗಿರುತ್ತದೆ, ಅಲ್ವಾ? ಅಲ್ಲಿಂದಲೇ ಅಳೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಬಾಟಲಿಯ ಮೈ ನೆಟ್ಟಗಾಗುವ ತನಕ ಜಲ್ಲಿ ಮತ್ತು ನೀರು ತುಂಬಿ, ಆ ನೀರಿನ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆಯಿರಿ. ಅಲ್ಲಿಂದ ಮೇಲೆ ಸ್ಕೇಲು ಹಿಡಿದು ಮಿಲಿಮೀಟರ್ ಗುರುತು ಹಾಕಿ. ಜಲ್ಲಿಯ ಭಾರಕ್ಕೆ ಬಾಟಲಿ ಗಾಳಿಗೆ ಬೀಳುವುದೂ ಇಲ್ಲ.

ಒಂದು ಮಿಲಿಮೀಟರ್ ಮಳೆ ಅಂದರೆ ಏನು ಅಂತ ಇಲ್ಲೇ ಬಿಡಿಸಿ ಹೇಳಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. 100 ಚದರ ಮೀಟರಿನ ಶಾಲೆಯ ಮಾಡಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್! ಈ ಒಂದು ಗುಣಾಕಾರ ಮಾಡಿದ ಗಣಿತದ ಮೇಷ್ಟ್ರು ಆಮೇಲೆ ತಾವಾಗಿಯೇ ನಿಮ್ಮ ಜೊತೆ ಬರುತ್ತಾರೆ.

ಈಗ ಮುಖ್ಯ ಕೆಲಸ. ಐದು ಗುಂಪು ಮಾಡಿ, ಐದು ಬಾಟಲಿ ಕೊಡಿ. "ಎಲ್ಲಿ ಬೇಕಾದರೂ ಇಡಿ" ಅನ್ನಿ. ಒಬ್ಬರು ಹಲಸಿನ ಮರದ ಕೆಳಗೆ ಇಡುತ್ತಾರೆ, ಒಬ್ಬರು ಸೂರಿನ ಪಕ್ಕ, ಒಬ್ಬರು ಕಾಂಪೌಂಡ್ ಗೋಡೆಯ ಬುಡದಲ್ಲಿ, ಇನ್ನೊಬ್ಬರು ಅಂಗಳದ ನಡುವೆ. ಒಂದು ಮಳೆ ಬಂದು ನಿಲ್ಲಲಿ. ಮಳೆ ಇಲ್ಲದ ದಿನವಾದರೆ ಬಾಟಲಿಗಳನ್ನು ಅಲ್ಲೇ ಬಿಟ್ಟು, ಮರುದಿನ ಆ ಶಾಲೆಯವರು ಓದಿ ವಾಟ್ಸಾಪ್ ಗ್ರೂಪಿಗೆ ಹಾಕಲಿ. ಒಂದೇ ಅಂಗಳ, ಒಂದೇ ಮಳೆ, ಐದು ಬೇರೆ ಬೇರೆ ಸಂಖ್ಯೆ. ಸೂರಿನ ಪಕ್ಕದ್ದು ಉಕ್ಕಿ ಹರಿದಿರುತ್ತದೆ. ಹಲಸಿನ ಕೆಳಗಿನದು ಮಳೆ ನಿಂತ ಮೇಲೂ ಎಲೆಯ ತುದಿಯಿಂದ ಒಂದೊಂದೇ ಹನಿ ಬಿದ್ದು ತುಂಬುತ್ತಲೇ ಇರುತ್ತದೆ. "ಯಾರ ಮಳೆ ನಿಜವಾದ ಮಳೆ?" ಅಂತ ಕೇಳಿ. ಜಗಳ ಶುರುವಾಗುತ್ತದೆ. ಆಗಲಿ ಬಿಡಿ, ಅಳತೆಯ ವಿಜ್ಞಾನ ಅಲ್ಲೇ ಹುಟ್ಟುವುದು.

ಜಗಳ ಮುಗಿದ ಮೇಲೆ ನಿಯಮ ಹೇಳಿ. ಮರ ಅಥವಾ ಕಟ್ಟಡ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದರೂ ದೂರದಲ್ಲಿ ಬಾಟಲಿ ಇರಬೇಕು. ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿರಲಿ, ಇಲ್ಲದಿದ್ದರೆ ಕೆಸರು ಸಿಡಿದು ಒಳಗೆ ಬೀಳುತ್ತದೆ. ನೀರಿನ ಮಟ್ಟಕ್ಕೆ ಕಣ್ಣು ತಂದು ಓದಬೇಕು, ಮೇಲಿಂದ ಬಗ್ಗಿ ಓದಬಾರದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು:

ಬಾಟಲಿ ತುಂಬಿ ಹೋಗುವುದು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಘಟ್ಟದ ಅಂಚಿನ ಶಾಲೆಗಳಲ್ಲಿ ಜುಲೈಯ ಒಂದು ದಿನದ ಮಳೆಗೆ ಸೋಡಾ ಬಾಟಲಿ ಸಾಲದೆ ಹೋಗಬಹುದು. ಅಂಥ ಕಡೆ ಒಂದೂವರೆ ಅಡಿಯ ನಾಲ್ಕು ಇಂಚಿನ ಪೈಪಿಗೆ ತಳದಲ್ಲಿ ಚಪ್ಪಟೆ ಮುಚ್ಚಳ ಅಂಟಿಸಿ ನೆಟ್ಟಗೆ ನಿಲ್ಲಿಸಿ. ಸೀಮೆಸುಣ್ಣ ಸವರಿದ ಕೋಲು ಇಳಿಸಿದರೆ ಒದ್ದೆ ಎಲ್ಲಿವರೆಗೆ ಬಂತು ಅಂತ ಗೊತ್ತಾಗುತ್ತದೆ.

ಮಳೆ ರಜೆ. ಜಿಲ್ಲಾಡಳಿತ ರಜೆ ಕೊಟ್ಟ ದಿನವೇ ಅತಿ ಹೆಚ್ಚು ಮಳೆ ಬಂದಿರುತ್ತದೆ, ಓದುವವರೇ ಇರುವುದಿಲ್ಲ. ಶಾಲೆಯ ಪಕ್ಕದ ಮನೆಯವರಿಗೆ ಹೇಳಿಟ್ಟರೆ ಒಳ್ಳೆಯದು. ಆಗದಿದ್ದರೆ ಶಾಲೆ ತೆರೆದ ದಿನ ಓದಿ "ಮೂರು ದಿನದ ಒಟ್ಟು" ಅಂತ ಬರೆಯಿರಿ. ಓದದ ದಿನಕ್ಕೆ ಸೊನ್ನೆ ಹಾಕಲೇಬಾರದು. ಸೊನ್ನೆ ಅಂದರೆ ಮಳೆ ಬರಲಿಲ್ಲ ಅಂತ. ಓದಲಿಲ್ಲ ಅಂದರೆ ಗೊತ್ತಿಲ್ಲ ಅಂತ. ಎರಡೂ ಒಂದೇ ಅಲ್ಲ.

ಹೊತ್ತು. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ರಿಂದ ಮರುದಿನ 8:30ರ ತನಕ. ನಿಮ್ಮ ಶಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಓದಿದರೂ ನಡೆಯುತ್ತದೆ, ಆದರೆ ದಿನಾ ಅದೇ ಹೊತ್ತಿಗೆ ಓದಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕಗಳನ್ನು ಇಟ್ಟಿದೆ. ನಿಮ್ಮ ಅಂಕಿಯನ್ನು ಅದರ ಜೊತೆ ಹೋಲಿಸುವಾಗ ಈ ಹೊತ್ತಿನ ವ್ಯತ್ಯಾಸ ನೆನಪಿರಲಿ.

4. ವಿಜ್ಞಾನವನ್ನು ನಾಲ್ಕೇ ಮಾತಿನಲ್ಲಿ ಗಟ್ಟಿ ಮಾಡಿ

ಬಿಸಿಲು ನೆಲವನ್ನು ಕಾಯಿಸುತ್ತದೆ. ನೆಲ ಆ ಶಾಖವನ್ನು ಕಣ್ಣಿಗೆ ಕಾಣದ ಕಿರಣವಾಗಿ ಮೇಲಕ್ಕೆ ಬಿಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ಮೀಥೇನ್, ನೀರಾವಿ ಆ ಶಾಖದ ಒಂದು ಪಾಲನ್ನು ತಡೆದು ಹಿಡಿಯುತ್ತವೆ. ಇವೇ ಹಸಿರುಮನೆ ಅನಿಲಗಳು. ಕಂಬಳಿಯ ಹೋಲಿಕೆ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ನಮ್ಮ ಮೈಯ ಬಿಸಿ ಹೊರಗೆ ಹೋಗದ ಹಾಗೆ ನೋಡಿಕೊಳ್ಳುತ್ತದೆ. ಈ ಕಂಬಳಿ ಇಲ್ಲದೆ ಹೋಗಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು. ತೊಂದರೆ ಇರುವುದು ಅದು ದಪ್ಪ ಆಗುತ್ತಿರುವುದರಲ್ಲಿ. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಇತ್ತು. ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟದ್ದು ಇದಕ್ಕೆ ಮುಖ್ಯ ಕಾರಣ, ಕಾಡು ಕಡಿದದ್ದೂ ಸೇರಿದೆ.

ಮಲೆನಾಡಿಗೆ ಬೇಕಾದ ಇನ್ನೊಂದು ಅಂಕಿ: ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಸುರಿಯುವಾಗ ಒಮ್ಮೆಲೇ ಜೋರಾಗಿ ಸುರಿಯುವ ಸಾಧ್ಯತೆ ಯಾಕೆ ಹೆಚ್ಚುತ್ತದೆ ಅನ್ನುವುದು ಇದರಿಂದ ತಿಳಿಯುತ್ತದೆ. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗಿ ಮಳೆಯಾಗುತ್ತದೆ, ಘಟ್ಟ ದಾಟಿ ಶಿಕಾರಿಪುರದ ಕಡೆ ಹೋಗುವಷ್ಟರಲ್ಲಿ ತೇವ ಕಮ್ಮಿಯಾಗಿರುತ್ತದೆ. ಇದನ್ನು ಜಿಲ್ಲೆಯ ನಕಾಶೆ ಬಿಡಿಸಿ ತೋರಿಸಿ.

ಮೂರು ತಪ್ಪು ತಿಳಿವಳಿಕೆಗಳನ್ನು ಅಲ್ಲೇ ತಿದ್ದಿ. ಓಝೋನ್ ತೂತಿನಿಂದ ಭೂಮಿ ಬಿಸಿಯಾಗುತ್ತಿದೆ ಅನ್ನುವುದು ಸರಿಯಲ್ಲ, ಅದು ಬೇರೆ ಸಮಸ್ಯೆ. ಪ್ಲಾಸ್ಟಿಕ್ ಆಯ್ದರೆ ವಾಯುಗುಣ ಸರಿಹೋಗುತ್ತದೆ ಅನ್ನುವುದೂ ಹಾಗೆಯೇ. ಪ್ಲಾಸ್ಟಿಕ್ ಆಯಲೇಬೇಕು, ಆದರೆ ಅದರ ಕಾರಣ ಬೇರೆ. ಮೂರನೆಯದು ನಮ್ಮ ಕಡೆ ತುಂಬಾ ಜಾಸ್ತಿ: ಅಡಿಕೆಗೆ ಕೊಳೆ ಬಂದರೂ, ಎಲೆಚುಕ್ಕೆ ಬಂದರೂ ಎಲ್ಲವನ್ನೂ ವಾಯುಗುಣದ ತಲೆಗೆ ಕಟ್ಟುವುದು. ಕೊಳೆರೋಗ ಬಿಡದೆ ಸುರಿಯುವ ಮಳೆಯಲ್ಲಿ ಹಬ್ಬುತ್ತದೆ, ನಿಜ. ಆದರೆ ಔಷಧಿ ಹೊಡೆದ ಹೊತ್ತು, ತೋಟದ ಗಾಳಿ ಬೆಳಕು, ಬಸಿಗಾಲುವೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. "ಇದೂ ಒಂದು ಕಾರಣ ಇರಬಹುದು, ಹೇಗೆ ಪರೀಕ್ಷಿಸೋಣ?" ಅಂತ ಕೇಳುವ ಶಿಕ್ಷಕರನ್ನು ತಯಾರು ಮಾಡಿ.

5. ನಲವತ್ತು ನಿಮಿಷದ ಹೊರಗಿನ ಪಾಠವನ್ನು ಮಾಡಿ ತೋರಿಸಿ, ಆಮೇಲೆ ಅವರಿಂದ ಮಾಡಿಸಿ

ಶಿಕ್ಷಕರ ದೊಡ್ಡ ಭಯ ಎರಡು: ಮಕ್ಕಳು ಕೈಗೆ ಸಿಗುವುದಿಲ್ಲ, ಪಾಠ ಹಿಂದೆ ಬೀಳುತ್ತದೆ. ಎರಡೂ ನಿಜವಾದ ಭಯಗಳೇ. ಭಾಷಣದಿಂದ ಅವು ಹೋಗುವುದಿಲ್ಲ.

ಪಾಠವನ್ನು ಹೀಗೆ ಭಾಗ ಮಾಡಿ. ಮೊದಲ ಐದರಿಂದ ಎಂಟು ನಿಮಿಷ ತರಗತಿಯ ಒಳಗೇ: ಇವತ್ತಿನ ಪ್ರಶ್ನೆ ಏನು, ಯಾರ ಜೋಡಿ ಯಾರು, ಎಲ್ಲಿಂದಾಚೆ ಹೋಗಬಾರದು, ಸೀಟಿ ಕೇಳಿದರೆ ಏನು ಮಾಡಬೇಕು. ಹೊರಗೆ ಹೋದ ಮೇಲೆ ಸೂಚನೆ ಕೊಡಲು ಹೋದರೆ ಯಾರೂ ಕೇಳುವುದಿಲ್ಲ. ಆಮೇಲೆ ಹೊರಗೆ ಇಪ್ಪತ್ತು ನಿಮಿಷ. ಇಬ್ಬರಿಗೆ ಒಂದು ಪುಸ್ತಕ, ಒಬ್ಬರು ಅಳೆಯಲಿ, ಒಬ್ಬರು ಬರೆಯಲಿ. ಉಳಿದ ಹೊತ್ತು ಒಳಗೆ ಬಂದು ಬರೆಯುವುದು, ಲೆಕ್ಕ ಮಾಡುವುದು. ಈ ಕೊನೆಯ ಭಾಗ ಬಿಟ್ಟರೆ ಪಾಠ ಹೋಗಿ ಆಟ ಉಳಿಯುತ್ತದೆ.

ಅಭ್ಯಾಸಕ್ಕೆ ನಾನು ಯಾವಾಗಲೂ ನೀರು ಇಂಗುವ ಪ್ರಯೋಗ ಹಿಡಿಯುತ್ತೇನೆ. ಒಂದು ಅಡಿ ಪೈಪನ್ನು ಎರಡು ಇಂಚು ನೆಲಕ್ಕೆ ಇಳಿಸಿ, ಅರ್ಧ ಲೀಟರ್ ನೀರು ಹಾಕಿ, ಪೂರ್ತಿ ಇಂಗಲು ಎಷ್ಟು ಹೊತ್ತು ಬೇಕು ನೋಡಿ. ಆಟದ ಮೈದಾನದಲ್ಲಿ ಒಮ್ಮೆ, ಮರದ ಕೆಳಗಿನ ತರಗೆಲೆ ಸರಿಸಿ ಒಮ್ಮೆ. ನೀರು ಹಾಕುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆ ಬರೆದಿರಬೇಕು. ಮೈದಾನದ ಪೈಪಿನ ಸುತ್ತ ಕುಕ್ಕರಗಾಲಲ್ಲಿ ಕೂತು, ಇಳಿಯದ ನೀರನ್ನೇ ನೋಡುತ್ತಾ "ಇನ್ನೂ ಇದೆ, ಇನ್ನೂ ಇದೆ" ಅನ್ನುವ ಶಿಕ್ಷಕರ ಮುಖ ನೋಡಬೇಕು ನೀವು. ಇಷ್ಟೊಂದು ಮಳೆ ಬೀಳುವ ಊರಿನಲ್ಲಿ ಏಪ್ರಿಲ್ ಹೊತ್ತಿಗೆ ಬಾವಿ ಯಾಕೆ ತಳ ಕಾಣುತ್ತದೆ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಜೂನ್‌ನಲ್ಲಿ ಮಾಡಿದ್ದನ್ನೇ ಜುಲೈಯಲ್ಲಿ ಮಾಡಿದರೆ ಉತ್ತರ ಬೇರೆ ಬರಬಹುದು, ನೆಲ ಆಗಲೇ ನೀರು ಕುಡಿದಿರುತ್ತದೆ. ಅದನ್ನೂ ಬರೆದುಕೊಳ್ಳಿ.

ಪಾಠ ಹಿಂದೆ ಬೀಳುತ್ತದೆ ಅನ್ನುವವರಿಗೆ ಅವರದೇ ಪುಸ್ತಕ ತೆರೆಸಿ. ಸರಾಸರಿ, ಸ್ತಂಭಾಲೇಖ, ಆವಿಯಾಗುವಿಕೆ, ನಕಾಶೆ ಓದುವುದು, ವರದಿ ಬರೆಯುವುದು ಎಲ್ಲ ಅಲ್ಲೇ ಇದೆ. ಯಾವ ಪಾಠವನ್ನು ಅಂಗಳಕ್ಕೆ ಒಯ್ಯಬಹುದು ಅಂತ ಪ್ರತಿಯೊಬ್ಬರೂ ಎರಡು ಗುರುತು ಮಾಡಿಕೊಂಡು ಹೋಗಲಿ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ 6ರಿಂದ 8ನೇ ತರಗತಿಯವರಿಗೆ ಚೀಲ ಇಲ್ಲದ 10 ದಿನಗಳ ಮಾತಿದೆ. ಮೇಲಿನವರಿಗೆ ವಿವರಣೆ ಕೊಡಬೇಕಾದಾಗ ಅದು ಉಪಯೋಗಕ್ಕೆ ಬರುತ್ತದೆ.

6. ಸುರಕ್ಷತೆಯ ಮಾತನ್ನು ಕೊನೆಗೆ ತಳ್ಳಬೇಡಿ

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ನಮ್ಮ ಜಿಲ್ಲೆ ಅದರಿಂದ ಬಿಡುಗಡೆ ಪಡೆದಿಲ್ಲ. ಉಣುಗು (ಉಣ್ಣೆ ಹುಳ) ಕಚ್ಚುವುದರಿಂದ ಬರುವ ಈ ಜ್ವರ ಹೆಚ್ಚಾಗಿ ಕಾಣಿಸುವುದು ಡಿಸೆಂಬರ್‌ನಿಂದ ಮೇ ತನಕ. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿಗೆ, ಸೊಪ್ಪಿನಬೆಟ್ಟಕ್ಕೆ ಕರೆದುಕೊಂಡು ಹೋಗಲೇಬೇಡಿ. ಅಂಗಳದ ಪಾಠ ಸಾಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು ಅನ್ನುವುದು ಪ್ರತಿ ಮಗುವಿಗೂ ಗೊತ್ತಿರಲಿ.

ಗುಡುಗು ಕೇಳಿಸಿತು ಅಂದರೆ ಕೂಡಲೇ ಒಳಗೆ ಬನ್ನಿ, ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಮತ್ತೆ ಹೊರಗೆ ಹೋಗಬೇಡಿ. ಮಳೆಗಾಲದಲ್ಲಿ ಹಳ್ಳ, ಹೊಳೆಯ ದಡದ ಪಾಠ ಬೇಡವೇ ಬೇಡ. ಇಂಬಳಕ್ಕೆ (ಜಿಗಣೆಗೆ) ಹೆದರುವ ಕಾರಣ ಇಲ್ಲ, ಉಪ್ಪು ಅಥವಾ ಸುಣ್ಣ ಜೊತೆಗಿದ್ದರೆ ಸಾಕು. ಬಾವಿಯ ಮಟ್ಟವನ್ನು ಶಿಕ್ಷಕರೇ ಹಗ್ಗ ಇಳಿಸಿ ಅಳೆಯಬೇಕು, ಮಕ್ಕಳು ಕಟ್ಟೆಯಿಂದ ದೂರ ನಿಂತು ಸಂಖ್ಯೆ ಬರೆದುಕೊಳ್ಳಲಿ. ಶಾಲೆಯ ಕಾಂಪೌಂಡ್ ದಾಟುವುದಾದರೆ ಮುಖ್ಯ ಶಿಕ್ಷಕರ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಒಪ್ಪಿಗೆ ಬರಹದಲ್ಲಿ ಇರಲಿ, ಪೋಷಕರಿಗೂ ಹೇಳಿ. ಗುಡವಿ, ಮಂಡಗದ್ದೆಯಂಥ ಪಕ್ಷಿಧಾಮಗಳಿಗೆ ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

7. ಅಜ್ಜ ಅಜ್ಜಿಯರನ್ನು ಕೇಳುವುದನ್ನು ಕಲಿಸಿ

ಇದು ಕನ್ನಡ ಟೀಚರ್‌ಗಳ ಹಂತ. "ಮೊದಲು ಮಳೆ ಜಾಸ್ತಿ ಇತ್ತಾ ಅಜ್ಜಾ?" ಅಂತ ಕೇಳಿದರೆ "ಹೌದು ಮಗಾ, ಈಗ ಎಲ್ಲಿ ಮಳೆ!" ಅನ್ನುತ್ತಾರೆ. ಪ್ರಶ್ನೆಯಲ್ಲೇ ಉತ್ತರ ಇಟ್ಟ ಹಾಗಾಯಿತು. ಬದಲಿಗೆ "ಅಗೆ (ಭತ್ತದ ಸಸಿ) ಯಾವ ಮಳೆಗೆ ಹಾಕ್ತಿದ್ರಿ? ನಾಟಿ ಯಾವ ಮಳೆಗೆ ಮುಗೀತಿತ್ತು? ಬಾವಿ ನೀರು ಯಾವ ತಿಂಗಳಲ್ಲಿ ಕೆಳಗೆ ಹೋಗ್ತಿತ್ತು?" ಅಂತ ಕೇಳಿಸಿ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು. ಒಂದೊಂದೂ 13-14 ದಿನ, ಪ್ರತಿ ವರ್ಷ ಹೆಚ್ಚು ಕಡಿಮೆ ಅದೇ ತಾರೀಕಿಗೆ ಬರುತ್ತವೆ. ಮೃಗಶಿರಾ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ. ಹಾಗಾಗಿ ಅಜ್ಜನ ನೆನಪನ್ನು ಕ್ಯಾಲೆಂಡರಿನ ಮೇಲೆ ಗುರುತಿಸಿ, ಈ ವರ್ಷದ ಮಳೆ ಬಾಟಲಿಯ ಅಂಕಿಯ ಪಕ್ಕದಲ್ಲೇ ಇಡಬಹುದು. ನೆನಪು ಅಳತೆಗೆ ಸಮ ಅಲ್ಲ ಅಂತಲೂ ಮಕ್ಕಳಿಗೆ ಹೇಳಿ, ಆದರೆ ಗೌರವದಿಂದ ಹೇಳಿ.

ಇದರ ಜೊತೆ ಶಾಲೆಯ ಹತ್ತಿರದ ಎರಡು ಮರ ಆರಿಸಿ, ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ "ಇಲ್ಲ, ಸ್ವಲ್ಪ, ಜಾಸ್ತಿ" ಅಂತ ಬರೆಸಿ. ದೇಶದ ಹಲವು ಶಾಲೆಗಳು ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಇದನ್ನೇ ಮಾಡುತ್ತಿವೆ, ನಿಮ್ಮ ಶಾಲೆಯೂ ಸೇರಬಹುದು. ಒಂದು ಎಚ್ಚರಿಕೆ: ಕಕ್ಕೆ ಮರ ಚೆಂದ ಅಂತ ಆರಿಸಿದರೆ ಅದು ಹೂ ಬಿಡುವಾಗ ಬೇಸಿಗೆ ರಜೆ ಇರುತ್ತದೆ. ಮಾವು, ಮುತ್ತುಗ, ಬೂರುಗ ಆರಿಸಿ.

8. ತರಬೇತಿಯ ನಂತರದ ತಿಂಗಳುಗಳು

ಅರ್ಧ ದಿನ ಮುಗಿಯುವ ಮೊದಲು ಪ್ರತಿ ಶಾಲೆಯೂ ಒಂದೇ ಒಂದು ಅಳತೆ ಆರಿಸಿಕೊಳ್ಳಲಿ: ಮಳೆ, ಬಾವಿಯ ಮಟ್ಟ, ಇಲ್ಲವೇ ಮರ. ಮೂರನ್ನೂ ಹಿಡಿದವರು ಆಗಸ್ಟ್ ಹೊತ್ತಿಗೆ ಮೂರನ್ನೂ ಬಿಟ್ಟಿರುತ್ತಾರೆ. ವಾರಕ್ಕೊಮ್ಮೆ ಪುಸ್ತಕದ ಪುಟದ ಫೋಟೋ ಗ್ರೂಪಿಗೆ ಬರಲಿ. ಖಾಲಿ ಬಿಟ್ಟ ದಿನಗಳಿಗೆ ಯಾರನ್ನೂ ಬೈಯಬೇಡಿ. ಬೈದರೆ ಮುಂದಿನ ವಾರ ಖಾಲಿ ಜಾಗದಲ್ಲಿ ಊಹೆಯ ಸಂಖ್ಯೆ ಬರುತ್ತದೆ, ಅದು ಖಾಲಿಗಿಂತ ಕೆಟ್ಟದ್ದು.

ಜುಲೈಯ ಭೇಟಿಯಲ್ಲಿ ಹೊಸದೇನೂ ಕಲಿಸಬೇಡಿ. ಎಲ್ಲ ಶಾಲೆಗಳ ಜೂನ್ ಮಳೆಯನ್ನು ಒಂದೇ ಡ್ರಾಯಿಂಗ್ ಹಾಳೆಯ ಮೇಲೆ ಸ್ತಂಭವಾಗಿ ಬರೆಸಿ, ಹತ್ತು ಕಿಲೋಮೀಟರ್ ಅಂತರದಲ್ಲಿ ಯಾಕೆ ಇಷ್ಟು ವ್ಯತ್ಯಾಸ ಅಂತ ಮಾತಾಡಲಿ. ದಸರಾ ಮುಂಚಿನ ಭೇಟಿಯಲ್ಲಿ "ಈಗ ನಮ್ಮ ಶಾಲೆಯಲ್ಲಿ ಏನು ಮಾಡಬಹುದು?" ಅನ್ನುವ ಪ್ರಶ್ನೆ ಎತ್ತಿಕೊಳ್ಳಿ. ಭೂಮಿ ಬಿಸಿಯಾಗುತ್ತಿದೆ ಅಂತ ಕೇಳಿ ಹೆದರಿದ ಮಕ್ಕಳಿಗೆ ಕೈಗೊಂದು ಕೆಲಸ ಬೇಕು. ಮಾಡಿನ ನೀರಿಗೆ ಇಂಗುಗುಂಡಿ ತೋಡಬಹುದು, ಮುಂದಿನ ಬೇಸಿಗೆ ಕೊನೆಗೆ ಸಸಿಮಡಿ ಮಾಡಬಹುದು. ಹಲಸು, ನೇರಳೆ ಬೀಜ ಒಣಗಿಸಿಟ್ಟರೆ ಹುಟ್ಟುವುದಿಲ್ಲ, ಹಣ್ಣು ತಿಂದ ಕೆಲವೇ ದಿನದಲ್ಲಿ ಹಾಕಬೇಕು.

ಇನ್ನು ನೋಟ್‌ಬುಕ್. ಶಿಕ್ಷಕರಿಗೆ ವರ್ಗಾವಣೆ ಆಗುತ್ತದೆ, ಪುಸ್ತಕ ಅವರ ಚೀಲದಲ್ಲೇ ಹೊರಟುಹೋಗುತ್ತದೆ. ಅಲ್ಲಿಗೆ ಎರಡು ವರ್ಷದ ಮಳೆ ಹೋಯಿತು. ಅದಕ್ಕೆ ಮೊದಲ ಪುಟದಲ್ಲಿ ಶಿಕ್ಷಕರ ಹೆಸರಿನ ಬದಲು ಶಾಲೆಯ ಹೆಸರು ಬರೆಸಿ, ದಾಸ್ತಾನು ಪುಸ್ತಕದಲ್ಲಿ ನಮೂದಿಸಿ, ಮೂಲೆಗೆ ತೂತು ಮಾಡಿ ದಾರ ಪೋಣಿಸಿ ಆಫೀಸ್ ಕೋಣೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ. ಒಳರಟ್ಟಿನ ಮೇಲೆ ಮೂರು ಸಾಲು ಬರೆದಿರಲಿ: ಬಾಟಲಿ ಎಲ್ಲಿದೆ, ಎಷ್ಟು ಗಂಟೆಗೆ ಓದಬೇಕು, ಓದದ ದಿನ ಏನು ಬರೆಯಬೇಕು.